ಕಟ್ಟಿನೊಳಗಿನ ಕೈಲಾಸ

ಶಿವರಾತ್ರಿಯ ದಿನ ಮಠದ ಅಂಗಳದಲ್ಲಿ ಯಾರೋ ತಮ್ಮ ಕಾಶಿಯಾತ್ರೆಯ ಕಥೆಯನ್ನು ಎಳೆದೆಳೆದು ಹೇಳುತ್ತಿದ್ದರು. ಕೇಳಿ ಕೇಳಿ ಸಾಕಾದ ಶಿವಮಲ್ಲಪ್ಪನವರ ಬಾಯಿಂದ ಮಾತು ಜಾರಿಬಿಟ್ಟಿತು. “ಕಾಶಿ ಬುಡಿ ಸ್ವಾಮಿ, ರೈಲು ಹತ್ತಿದ್ರೆ ಬಂತು. ನಾನು ಈ ಸಲ ಕೈಲಾಸಕ್ಕೇ ಹೋಗ್ತಾ ಇದ್ದೀನಿ.”

ಅಷ್ಟೇ. ಸಂಜೆಯೊಳಗೆ ಮಾರ್ಕೆಟ್ಟಿನ ಹಿಂದಿನ ಬೀದಿಗೆಲ್ಲ ಗೊತ್ತಾಯಿತು. ಮೂವತ್ತು ವರ್ಷ ದೇವರ ಪಟಗಳಿಗೆ ಕಟ್ಟು ಹಾಕಿಕೊಂಡು ಬಂದ ಮನುಷ್ಯ, ಆ ದೇವರ ಮನೆಗೇ ಹೊರಟಿದ್ದಾರಂತೆ! ಪಕ್ಕದ ಮನೆಯ ಪೋಸ್ಟ್‌ಮ್ಯಾನ್ ಚಾಮಯ್ಯ ಓಡಾಡಿ ಪರವಾನಗಿಯ ಅರ್ಜಿ ತರಿಸಿಕೊಟ್ಟ. ಶಿವಮಲ್ಲಪ್ಪನವರು ಅದನ್ನು ತುಂಬಿ, ಲಕೋಟೆಗೆ ಹಾಕಿ, ವಿಳಾಸವನ್ನೂ ಬರೆದರು. “ದೊಡ್ಡ ಪೋಸ್ಟಾಫೀಸಲ್ಲಿ ನಾನೇ ರಿಜಿಸ್ಟರ್ ಮಾಡಿಸಿ ಬಂದೆ ಕಣಯ್ಯ” ಎಂದೂ ಹೇಳಿದರು.

ಮಾಡಿಸಿರಲಿಲ್ಲ.

ಮಾಡಿಸಬೇಕು ಅಂತಲೇ ಇದ್ದರು. ಮೊದಲು ಸ್ವಲ್ಪ ಅಭ್ಯಾಸವಾಗಲಿ ಎಂದು ಕಂಬಳಿ ಗಂಟು ಬೆನ್ನಿಗೇರಿಸಿಕೊಂಡು ಬೆಳಗ್ಗೆ ಬೆಳಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತತೊಡಗಿದರು. ನಂದಿಯ ಹತ್ತಿರ ಬರುವಷ್ಟರಲ್ಲಿ ಎದೆ ತಿದಿಯಂತಾಗಿ ಕಣ್ಣು ಕತ್ತಲಿಟ್ಟಿತು. ಕಲ್ಲು ಬಸವನ ಪಕ್ಕದಲ್ಲಿ ಅರ್ಧ ಗಂಟೆ ಕೂತು ಇಳಿದು ಬಂದರು. ಮಾರನೆಯ ದಿನವೂ ಅಷ್ಟೇ, ತಿಂಗಳಾದರೂ ಅಷ್ಟೇ.

“ಸಾವಿರ ಮೆಟ್ಟಿಲೂ ಆಯ್ತೇನ್ರೀ?” ಎಂದು ಹೆಂಡತಿ ನೀಲಮ್ಮ ಕೇಳುವರು.

“ಹೂಂ ಕಣೆ.”

ಎದುರು ಮನೆಯ ಸುಂದರಮ್ಮ ಬೆಟ್ಟದ ಮೇಲಿನ ಚಾಮುಂಡಿಯ ಕುಂಕುಮ ಕೇಳಿದಾಗ, ಬೆಟ್ಟದ ಬುಡದ ಹೂವಿನವಳ ಹತ್ತಿರ ಒಂದು ಪೊಟ್ಟಣ ಕೊಂಡು ತಂದುಕೊಟ್ಟರು. ಆಕೆ ಅದನ್ನು ಕಣ್ಣಿಗೊತ್ತಿಕೊಂಡಳು. ಶಿವಮಲ್ಲಪ್ಪನವರು ಬೇರೆ ಕಡೆ ನೋಡಿದರು.

ಅಷ್ಟರಲ್ಲಿ ನೊರ್ಬು ಸಿಕ್ಕಿದ. ಬೈಲುಕುಪ್ಪೆಯಲ್ಲಿ ಕಾಡು ಕಡಿದು, ದೇಶ ಬಿಟ್ಟು ಬಂದ ಟಿಬೆಟ್ಟಿನವರಿಗೆ ಜಮೀನು ಕೊಟ್ಟಿದ್ದರಲ್ಲ, ಅಲ್ಲಿಯವನು. ಹೆಂಡತಿಯನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಿ ಛತ್ರದಲ್ಲಿ ಉಳಿದುಕೊಂಡಿದ್ದ. ಉತ್ತರದಲ್ಲಿ ರಸ್ತೆ ಕೆಲಸ ಮಾಡುವಾಗ ಕಲಿತ ಹರಕು ಹಿಂದಿ ಅವನದು. ಬೀದಿಯಲ್ಲಿ ಹಿಂದಿ ಬಲ್ಲವರು, ಪರೀಕ್ಷೆ ಕಟ್ಟಿ ಕಲಿತ ಶಿವಮಲ್ಲಪ್ಪನವರೊಬ್ಬರೇ. ಚಾಮಯ್ಯನೇ ಅವನನ್ನು ಅಂಗಡಿಗೆ ಕರೆತಂದ. “ಅಣ್ಣಾ, ಇವ್ನು ಅಲ್ಲಿಯವ್ನೇ! ಏನ್ ಕೇಳ್ಬೇಕೋ ಕೇಳ್ಕೊಳಿ.”

ಚಾಮಯ್ಯ ನಿಂತೇ ಇದ್ದನಲ್ಲ, ಕೇಳಲೇಬೇಕಾಯಿತು. ಎಷ್ಟು ದಿನದ ನಡಿಗೆ? ರಾತ್ರಿ ಎಲ್ಲಿ ತಂಗುವುದು? ಕುಡಿಯುವ ನೀರು? ನೊರ್ಬುವಿನ ಮುಖ ಅರಳಿತು. ಕಟ್ಟಿಗೆ ಹಾಕುವ ದಪ್ಪ ರಟ್ಟನ್ನೇ ಎಳೆದುಕೊಂಡು ಕಣಿವೆ, ಹೊಳೆ, ಕುರಿ ದೊಡ್ಡಿ, ಸರೋವರ ಎಲ್ಲ ಬರೆದ. ಸರೋವರದಿಂದ ಒಂದು ದಿನದ ದಾರಿಯಲ್ಲಿ ಒಂದು ಪುಟ್ಟ ಚೌಕ ಹಾಕಿ, ಅದರ ಮೇಲೆ ಬೆರಳಿಟ್ಟ.

“ನಮ್ಮ ಮನೆ. ಅಮ್ಮ ಅಲ್ಲಿದ್ದಾಳೆ. ನಾನು ಹೋಗುವ ಹಾಗಿಲ್ಲ. ನೀವು ಹೋಗಬಹುದು.”

ಆಗಲೇ ನಿಜ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಅದರ ಬದಲು ಆ ನಕ್ಷೆಗೆ ಗಾಜು ಹಾಕಿ, ಒಳ್ಳೆಯ ತೇಗದ ಕಟ್ಟು ಕಟ್ಟಿ, ನಡುಮನೆಯಲ್ಲಿ ತೂಗುಹಾಕಿದರು. ಕಳಿಸದ ಲಕೋಟೆಯನ್ನು ಯಾರ ಕಣ್ಣಿಗೂ ಬೀಳದಿರಲೆಂದು ಅದರ ಹಿಂದೆಯೇ ಇಟ್ಟು ಮೊಳೆ ಹೊಡೆದರು.

ಯಾತ್ರೆಗೆ ಹೊರಡುವವರಿಗೆ ಬೀದಿಯವರು ಪಾದಪೂಜೆ ಮಾಡುವುದು ವಾಡಿಕೆ. ಪರವಾನಗಿ ಇನ್ನೇನು ಬರುತ್ತದೆಂದು ನಂಬಿ ಅವರೇ ಸೋಮವಾರ ಗೊತ್ತುಮಾಡಿದರು. ನಡುಮನೆಯಲ್ಲೇ ಮಣೆಯ ಮೇಲೆ ಶಿವಮಲ್ಲಪ್ಪನವರನ್ನು ಕೂರಿಸಿ, ಹಿತ್ತಾಳೆ ತಟ್ಟೆಯಲ್ಲಿ ಕಾಲಿಡಿಸಿ, ಒಬ್ಬೊಬ್ಬರಾಗಿ ನೀರೆರೆದರು. ಶಿವಮಲ್ಲಪ್ಪನವರು ತಂದುಕೊಟ್ಟಿದ್ದ ಕುಂಕುಮವನ್ನೇ ಸುಂದರಮ್ಮ ಅವರ ಕಾಲಿಗೆ ಹಚ್ಚಿದಾಗ, ಅವರಿಗೆ ಕಾಲು ಸುಟ್ಟಂತಾಯಿತು. ಕೊನೆಗೆ ನೊರ್ಬು ಬಂದ. ತಟ್ಟೆಯ ಮುಂದೆ ಅಡ್ಡಬಿದ್ದು, ಅಂಗಿಯ ಎದೆಯೊಳಗಿಂದ ಒಂದು ಬಟ್ಟೆಯ ಗಂಟು ತೆಗೆದ.

“ನಮ್ಮ ಹೊಲದ ಮೊದಲನೇ ಬೆಳೆ. ಮುಸುಕಿನ ಜೋಳ. ಅಮ್ಮನಿಗೆ ತೋರಿಸಿ. ಮಗ ಭಿಕ್ಷೆ ಬೇಡುತ್ತಿಲ್ಲ, ಅವನಿಗೆ ಹೊಲ ಇದೆ ಅಂತ ಹೇಳಿ.”

ಶಿವಮಲ್ಲಪ್ಪನವರು ಕಾಲು ಹಿಂದಕ್ಕೆಳೆದುಕೊಂಡರು. ತಟ್ಟೆ ಮಗುಚಿ ನೀರೆಲ್ಲ ನೆಲದ ಪಾಲಾಯಿತು.

“ನಾನು ಹೋಗ್ತಾ ಇಲ್ಲ” ಎಂದರು. ಎಲ್ಲರೂ ಮುಖ ಮುಖ ನೋಡಿಕೊಂಡರು. ಆ ನೋಟ ತಡೆಯಲಾರದೆ ಇನ್ನೊಂದು ಮಾತು ಸೇರಿಸಿದರು. “ಪರವಾನಗಿ ಬರ್ಲಿಲ್ಲ.”

“ಅಯ್ಯೋ, ಈ ಸರ್ಕಾರದೋರಿಗೆ ಏನ್ ಬಂದಿದೆ ರೋಗ!” ಎಂದಳು ಸುಂದರಮ್ಮ. “ಪಾಪ, ದಿನಾ ಸಾವಿರ ಮೆಟ್ಲು ಹತ್ತಿದ್ರು!”

“ರಿಜಿಸ್ಟರ್ ರಶೀದಿ ಕೊಡಿ ಅಣ್ಣಾ, ನಾನು ವಿಚಾರಿಸ್ತೀನಿ” ಎಂದ ಚಾಮಯ್ಯ.

ನೊರ್ಬು ಅರ್ಥವಾಗದೆ ಎಲ್ಲರ ಬಾಯಿ ನೋಡುತ್ತಿದ್ದ. ಅವನಿಗೆ ಹೇಳುವವರು ಬೇರೆ ಯಾರಿದ್ದರು? ಆ ಸುಳ್ಳನ್ನು ಶಿವಮಲ್ಲಪ್ಪನವರೇ ಹಿಂದಿಯಲ್ಲಿ ಇನ್ನೊಮ್ಮೆ ಹೇಳಬೇಕಾಯಿತು. ನೊರ್ಬು ಬೈಯಲಿಲ್ಲ. ಹತ್ತಿರ ಬಂದು ಅವರ ಕೈ ಹಿಡಿದುಕೊಂಡ.

“ನಿಮ್ಮನ್ನೂ ಬಿಡಲಿಲ್ಲವೇ? ದುಃಖ ಮಾಡಬೇಡಿ. ನನಗೆ ಗೊತ್ತು ಅದು ಹೇಗಿರುತ್ತೆ ಅಂತ.” ಆಮೇಲೆ ಗೋಡೆಯ ಕಡೆ ನೋಡಿ ಸಂಕೋಚದಿಂದ ಕೇಳಿದ: “ಆ ನಕ್ಷೆ ವಾಪಸ್ ಕೊಡುತ್ತೀರಾ? ಬೇರೆ ಯಾರಾದರೂ ಹೋಗುವವರು ಸಿಗಬಹುದು.”

ನಾಳೆ ಬಿಚ್ಚಿ ಕೊಡುತ್ತೇನೆ ಅನ್ನಬಹುದಿತ್ತು. ಯಾರೂ ಏನೂ ಅಂದುಕೊಳ್ಳುತ್ತಿರಲಿಲ್ಲ. ಆದರೆ ನೊರ್ಬು ಅವರ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ; ತನ್ನಂಥವನೇ ಇನ್ನೊಬ್ಬ ಎಂದು ಹಿಡಿದುಕೊಂಡಿದ್ದ. ಶಿವಮಲ್ಲಪ್ಪನವರು ಕೈ ಬಿಡಿಸಿಕೊಂಡು ಕಟ್ಟನ್ನು ಇಳಿಸಿದರು.

“ನೀಲಾ, ಇಕ್ಕಳ ತಾ.”

ಎಲ್ಲರ ಮುಂದೆ ನೆಲದ ಮೇಲೆ ಕೂತು, ಕಟ್ಟನ್ನು ಬೋರಲು ಹಾಕಿ, ಮೊಳೆಗಳನ್ನು ಒಂದೊಂದಾಗಿ ಕಿತ್ತರು. ಹಿಂದಿನ ಹಲಗೆ ಎತ್ತಿದಾಗ ಲಕೋಟೆ ಕಾಣಿಸಿತು. ಚಾಮಯ್ಯ ಬಗ್ಗಿ ಎತ್ತಿಕೊಂಡ. ಅಂಚೆಯವನ ಕಣ್ಣಿಗೆ ಮೊದಲು ಬಿದ್ದದ್ದು ಅದೇ: ಅಂಚೆಚೀಟಿ ಇಲ್ಲ, ಮುದ್ರೆ ಇಲ್ಲ.

“ಇದು… ನಾನು ತಂದ್ಕೊಟ್ಟಿದ್ದ ಅರ್ಜಿ ಅಲ್ವಾ ಅಣ್ಣಾ?”

“ಹೂಂ. ಕಳಿಸ್ಲೇ ಇಲ್ಲ ಕಣಯ್ಯ. ಬೆಟ್ಟಾನೂ ಪೂರ್ತಿ ಹತ್ಲಿಲ್ಲ. ನಂದಿ ತಾವ ಕೂತು ವಾಪಸ್ ಬರ್ತಿದ್ದೆ. ಕುಂಕುಮಾನೂ ಕೆಳಗೇ ಕೊಂಡಿದ್ದು.”

ಸುಂದರಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು. “ನನ್ ಕೈಲಿ ಕಾಲ್ ತೊಳಿಸ್ಕೊಂಡ್ಬುಟ್ರಲ್ಲ!” ಎಂದು ಎದ್ದು ಹೋದಳು. ಚಾಮಯ್ಯ ಲಕೋಟೆಯನ್ನು ಮಣೆಯ ಮೇಲಿಟ್ಟು ಹೊರಟ. ಉಳಿದವರೂ ಹೋದರು.

ಈಗ ನೊರ್ಬುವಿಗೆ ಹಿಂದಿಯಲ್ಲಿ ಹೇಳಬೇಕಿತ್ತು. “ಸರ್ಕಾರ ತಡೆಯಲಿಲ್ಲ. ನಾನೇ ಹೆದರಿದೆ” ಎಂದಷ್ಟೇ ಹೇಳಿದರು.

ನೊರ್ಬು ಲಕೋಟೆಯನ್ನೊಮ್ಮೆ ನೋಡಿದ. ಆಮೇಲೆ ಗಂಟನ್ನು ಎದೆಯೊಳಗಿಟ್ಟುಕೊಂಡು, ನಕ್ಷೆಯ ರಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡ. ಬಾಗಿಲಲ್ಲಿ ಒಮ್ಮೆ ನಿಂತ. ಏನೋ ಹೇಳುತ್ತಾನೆಂದು ಶಿವಮಲ್ಲಪ್ಪನವರು ತಲೆ ಎತ್ತಿದರು. ಅವನು ಆಸ್ಪತ್ರೆಯ ಕಡೆ ನಡೆದುಬಿಟ್ಟ.

ನೀಲಮ್ಮ ಬಟ್ಟೆ ತಂದು ನೆಲದ ನೀರು ಒರೆಸತೊಡಗಿದರು. ಒರೆಸುತ್ತ ಒರೆಸುತ್ತ ಕುಂಕುಮ ಹತ್ತಿದ್ದ ಗಂಡನ ಕಾಲಿನವರೆಗೆ ಬಂದು ಕೈ ನಿಲ್ಲಿಸಿದರು.

“ಅದನ್ನ ನೀವೇ ತೊಳ್ಕೊಳಿ” ಎಂದು ಬಟ್ಟೆಯನ್ನು ಅಲ್ಲೇ ಬಿಟ್ಟು ಒಳಗೆ ಹೋದರು.