ಸೊಸೆ ಹೇಳದ ಹೆಸರು

ಚಹಾದ ನೀರು ಕಾಯುವ ಸಮೋವಾರಿನ ಸದ್ದು ಇನ್ನೂ ಕೇಳಿಸಿರಲಿಲ್ಲ. ಕಿಟಕಿಗೆ ಮೆತ್ತಿದ ಹಿಮ ಬೆಳಕಿಗೆ ಬೆಳ್ಳಗಾಗಿತ್ತು. ಮದುವೆಯಾಗಿ ಬಂದ ಐದು ತಿಂಗಳಲ್ಲಿ ಜಿಪರ್ ಒಂದು ದಿನವೂ ತಡವಾಗಿ ಎದ್ದವಳಲ್ಲ. ಸಿಕ್ಕ ಅವಕಾಶ ಬಿಡಬಾರದೆಂದು ಅವಳ ಅತ್ತೆ ಬುರುಲ್ ಮಲಗಿದಲ್ಲೇ ಬೈಗುಳ ಜೋಡಿಸಿಕೊಳ್ಳತೊಡಗಿದಳು. ಕಣ್ಣು ಬಿಟ್ಟಾಗಿನಿಂದ ತಲೆ ಬೇರೆ ಸಿಡಿಯುತ್ತಿತ್ತು.

"ಏನಮ್ಮಾ ಮಹಾರಾಣಿ, ಚಹಾ ನಾನೇ ಮಾಡಿ ತಂದ್ಕೊಡ್ಲಾ?"

ಬುರುಲ್ ಎದ್ದು ಬಂದಳು. ಒಳಕೋಣೆಯ ಬಾಗಿಲು ತೆಗೆದರೆ, ಜಿಪರ್ ಹೊಸ್ತಿಲಿನತ್ತ ಕೈ ಚಾಚಿ ಮಕಾಡೆ ಬಿದ್ದಿದ್ದಳು. ಶೀತವಾಗಿದೆಯೆಂದು ಹಿಂದಿನ ರಾತ್ರಿ ಅವಳನ್ನು ಒಲೆಯ ಪಕ್ಕ ಮಲಗಿಸಿದ್ದು ಬುರುಲಳೇ. ಕಲ್ಲಿದ್ದಲಿನ ಕೆಂಡದ ಮೇಲೆ ನೀಲಿ ಉರಿ ಇನ್ನೂ ಆಡುತ್ತಿರುವಾಗಲೇ ಹೊಗೆಗೂಡಿನ ತಗಡನ್ನು ಒಳಕ್ಕೆ ತಳ್ಳಿ ಮುಚ್ಚಿದ್ದೂ ಅವಳೇ, ಬಿಸಿ ಬೆಳಗಿನವರೆಗೆ ಉಳಿಯಲಿ ಎಂದು. "ಇನ್ನೊಂದು ಸ್ವಲ್ಪ ಹೊತ್ತು ತೆರೆದೇ ಬಿಡೋಣ ಅತ್ತೆ" ಎಂದು ಸೊಸೆ ಹೇಳಿದ್ದಳು. "ನಿಮ್ಮಪ್ಪನ ಮನೇಲಿ ಆಕಾಶಕ್ಕೆ ಬಿಸಿ ಕೊಡ್ತಿದ್ರೇನೋ, ನಮ್ಮನೇಲಿ ಕೋಣೆಗೆ ಕೊಡ್ತೀವಿ" ಎಂದು ಬುರುಲ್ ಅವಳ ಬಾಯಿ ಮುಚ್ಚಿಸಿದ್ದಳು.

ಕಂಕುಳಿಗೆ ಕೈ ಹಾಕಿ ಅಂಗಳಕ್ಕೆ ಎಳೆದು ತಂದಳು. ಮುಖಕ್ಕೆ ಹಿಮ ಉಜ್ಜಿದಳು, ಕೆನ್ನೆಗೆ ಬಡಿದಳು, ದೇವರನ್ನು ಕರೆದಳು, ಜೊತೆಗೆ ಸೊಸೆಯನ್ನೂ ಬೈದಳು. ಕಡೆಗೂ ಜಿಪರ್ ವಾಂತಿ ಮಾಡಿಕೊಂಡು ಕಣ್ಣು ಬಿಟ್ಟಳು. ಪಕ್ಕದ ಮನೆಯ ಕಾನಿಮೆತ್ ಓಡಿ ಬಂದು ಬಟ್ಟಲು ತುಂಬ ಹುಳಿ ಮಜ್ಜಿಗೆ ಕುಡಿಸಿದಳು. ಒಲೆಯ ವಿಷ ತಗುಲಿದವರಿಗೆ ಆ ಊರಿನಲ್ಲಿ ಕೊಡುವುದು ಅದನ್ನೇ. ಆಸ್ಪತ್ರೆಗೆ ಫೋನ್ ಹಚ್ಚಿದವಳೂ ಕಾನಿಮೆತಳೇ. ಡಾಕ್ಟರಮ್ಮ ಮಾತಿಗೆ ಸಿಕ್ಕೊಡನೆ ಫೋನನ್ನು ಬುರುಲಳ ಕೈಗೆ ತುರುಕಿದಳು.

"ಪ್ರಜ್ಞೆ ತಪ್ಪಿತ್ತಾ?" ಎಂದರು ಡಾಕ್ಟರಮ್ಮ.

"ಸ್ವಲ್ಪ ಹೊತ್ತು ಅಷ್ಟೇ. ಈಗ ಎದ್ದು ಕೂತಿದಾಳೆ. ಮಜ್ಜಿಗೆ ಕುಡಿಸಿದೀವಿ."

"ಮಜ್ಜಿಗೆ ರಕ್ತದಲ್ಲಿರೋ ವಿಷಾನ ತೊಳೆಯಲ್ಲ ಅಮ್ಮಾ. ಆ ಗಾಳಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗ ಹಿಡ್ಕೊಂಡು ಕೂತ್ಬಿಡುತ್ತೆ. ಮಾಸ್ಕ್ ಹಾಕಿ ಆಮ್ಲಜನಕ ಕೊಡ್ಲೇಬೇಕು, ಹೃದಯ ನೋಡ್ಬೇಕು. ಇವತ್ತು ಓಡಾಡ್ಕೊಂಡಿದ್ರೂ ಕೆಲವರಿಗೆ ವಾರಗಳು ಕಳೆದ ಮೇಲೆ ನೆನಪು ಹೋಗುತ್ತೆ. ಗಾಡಿ ಕಳಿಸ್ತೀನಿ."

ಗಾಡಿ ಎಂದೊಡನೆ ಬುರುಲ್ ಬೀದಿಯತ್ತ ನೋಡಿದಳು. ಆಸ್ಪತ್ರೆಯ ಗಾಡಿ ಮನೆ ಮುಂದೆ ನಿಂತರೆ ಬೀದಿಗೆ ಬೀದಿಯೇ ನೋಡುತ್ತದೆ. ಸಂಜೆಯೊಳಗೆ ಸುದ್ದಿ ಬೀಗರ ಮನೆ ತಲುಪುತ್ತದೆ. ಮಗಳನ್ನು ಉಸಿರುಕಟ್ಟಿಸಿ ಕೊಲ್ಲಲು ಹೊರಟಿದ್ದಿರಾ ಎಂದು ಕೇಳಿ ವಾಪಸ್ಸು ಕರೆದುಕೊಂಡು ಹೋಗುತ್ತಾರೆ. ಕುದುರೆಗಳನ್ನು ಮೇಯಿಸಲು ಬೆಟ್ಟದಾಚೆ ಹೋಗಿರುವ ಮಗ ಮೆದೆರ್‌ಗೆ ಯಾವ ಮುಖ ತೋರಿಸುವುದು?

"ರಸ್ತೆ ತುಂಬ ಹಿಮ ಡಾಕ್ಟ್ರೇ. ಹುಡುಗಿ ಚೆನ್ನಾಗೇ ಇದಾಳೆ."

"ಹಾಗಾದ್ರೆ ಅವಳನ್ನೇ ಕೇಳಿ ನೋಡಿ. ಎದುರಿಗಿರೋ ನಿಮ್ಮ ಹೆಸರೇನು ಅಂತ ಹೇಳ್ಲಿ."

ಬುರುಲ್ ಫೋನನ್ನು ಸೊಸೆಯ ಮುಂದೆ ಹಿಡಿದಳು. "ನನ್ನ ಹೆಸರು ಕೇಳ್ತಿದಾರೆ ನೋಡಮ್ಮ."

ಜಿಪರ್ ಅತ್ತೆಯ ಮುಖವನ್ನು ತುಸು ಹೊತ್ತು ನೋಡಿದಳು. ಆಮೇಲೆ ಮೆಲ್ಲನೆ ನಕ್ಕು ತಲೆ ತಗ್ಗಿಸಿದಳು.

ಬುರುಲಳಿಗೆ ಹೆಮ್ಮೆ ಉಕ್ಕಿಬಂತು. ಗಂಡನ ಮನೆಯ ಹಿರಿಯರ ಹೆಸರನ್ನು ಬಾಯಲ್ಲಿ ಆಡದ ಸೊಸೆಯರು ಈ ಕಾಲದಲ್ಲಿ ಎಲ್ಲಿದ್ದಾರೆ? "ನೋಡಿದ್ರಾ ಡಾಕ್ಟ್ರೇ, ಸಾವಿನ ಬಾಯಿಂದ ಎದ್ದು ಬಂದ್ರೂ ಮರ್ಯಾದೆ ಮರೆತಿಲ್ಲ! ಅತ್ತೆ ಹೆಸರು ಹೇಳಲ್ಲ ಅವಳು. ನೀವು ಪಟ್ಟಣದೋರು, ನಿಮಗೆ ಇದೆಲ್ಲ ಎಲ್ಲಿ ಗೊತ್ತಾಗ್ಬೇಕು?"

"ಅಮ್ಮಾ, ಬೇರೆ ಏನಾದ್ರೂ ಕೇಳಿ, ದಯವಿಟ್ಟು..."

ಬುರುಲ್ ಫೋನ್ ಇಟ್ಟುಬಿಟ್ಟಳು.

"ಕಳಿಸ್ಬಹುದಿತ್ತು ಕಣೇ," ಎಂದಳು ಕಾನಿಮೆತ್.

"ನಿನ್ನ ನಾಲಿಗೆ ಊರು ಸುತ್ತದೇ ಇದ್ರೆ ಸಾಕು, ನನ್ನ ಸೊಸೆ ಇನ್ನೂ ನೂರು ವರ್ಷ ಬದುಕ್ತಾಳೆ."

ಎರಡು ವಾರ ಬುರುಲಳ ಮಾತೇ ನಿಜವಾಯಿತು. ಜಿಪರ್ ಹಸು ಕರೆದಳು, ಹಿಟ್ಟು ಲಟ್ಟಿಸಿ ಶಾವಿಗೆ ಕತ್ತರಿಸಿದಳು, ಫೋನಿನಲ್ಲಿ ಗಂಡನ ಜೊತೆ ಪಿಸುಗುಟ್ಟಿ ನಕ್ಕಳು. ಬುರುಲ್ ಸದ್ದಿಲ್ಲದೆ ತಗಡನ್ನು ತೆರೆದೇ ಬಿಡತೊಡಗಿದಳು. ಆಮೇಲೊಂದು ಬೆಳಿಗ್ಗೆ ಸೊಸೆ ನೀರಿಲ್ಲದ ಸಮೋವಾರಿಗೆ ಬೆಂಕಿ ಹಾಕಿ ಎದುರಿಗೇ ಕೂತಿದ್ದಳು. ಬೆಸುಗೆ ಕರಗಿ ಅದರ ನಲ್ಲಿ ಕಳಚಿ ಬಿದ್ದರೂ ಅಲ್ಲಾಡಲಿಲ್ಲ. ಮತ್ತೊಂದು ದಿನ, ಯಾವ ಬಾಗಿಲಿಗೆ ಹೋಗಬೇಕೆಂದು ತಿಳಿಯದೆ, ಬರಿಗಾಲಿನಲ್ಲಿ ಹಿಮದಲ್ಲಿ ನಿಂತಿದ್ದಳು. ಊಟಕ್ಕೆ ಕೂತಲ್ಲೇ ಬಟ್ಟೆ ಒದ್ದೆ ಮಾಡಿಕೊಂಡ ದಿನ ಬುರುಲ್ ತಾನೇ ಫೋನ್ ಮಾಡಿ ಗಾಡಿ ಕರೆಸಿದಳು. ಬೀದಿಯವರೆಲ್ಲ ಹೊರಗೆ ಬಂದು ನೋಡಿದರು, ಅವಳು ಯಾರತ್ತಲೂ ತಲೆ ಎತ್ತಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಅವತ್ತೇ ಬಂದಿದ್ರೆ ಖಂಡಿತ ತಪ್ತಿತ್ತು ಅಂತ ಹೇಳೋಕಾಗಲ್ಲ ಅಮ್ಮಾ. ತಪ್ಪಬಹುದಿತ್ತು. ಕೆಲವರು ತಿಂಗಳುಗಳು ಕಳೆದ ಮೇಲೆ ಚೇತರಿಸ್ಕೊಳ್ತಾರೆ. ಎಲ್ಲರೂ ಅಲ್ಲ. ಪಕ್ಕದಲ್ಲಿ ಕೂತು ಮಾತಾಡಿಸ್ತಾ ಇರಿ, ಹೆಸರುಗಳನ್ನ ಹೇಳ್ಕೊಡಿ."

ಬುರುಲ್ ಮಂಚದ ಅಂಚಿನಲ್ಲಿ ಕೂತಳು. "ಮಗಳೇ, ನನ್ನ ಹೆಸರು ಹೇಳು. ನಾನೇ ಅಪ್ಪಣೆ ಕೊಡ್ತಿದೀನಿ. ಯಾವ ಪಾಪಾನೂ ಬರಲ್ಲ."

ಜಿಪರ್ ಅವಳ ಮುಖವನ್ನು ತುಸು ಹೊತ್ತು ನೋಡಿದಳು. ಆಮೇಲೆ ಮೆಲ್ಲನೆ ನಕ್ಕು ತಲೆ ತಗ್ಗಿಸಿದಳು.

ಅದೇ ನಗು. ಅಂಗಳದಲ್ಲಿ ಅಂದು ನಕ್ಕ ನಗುವೇ. ಅಂದು ಅದು ಮರ್ಯಾದೆಯಾಗಿರಲಿಲ್ಲ. ಅಂದೂ ಹುಡುಗಿಗೆ ಹೆಸರು ಗೊತ್ತಿರಲಿಲ್ಲ.

"ಬುರುಲ್," ಎಂದಳು ಅತ್ತೆ. "ಹೇಳು ನೋಡೋಣ, ಬುರುಲ್."

"ಬುರುಲ್," ಎಂದಳು ಜಿಪರ್, ಹೇಳಿದ ಮಾತು ಕೇಳುವ ಮಗುವಿನಂತೆ. ಆ ಮನೆಯಲ್ಲಿ ಯಾವ ಸೊಸೆಯ ಬಾಯಲ್ಲೂ ಬಾರದ ಹೆಸರು ಎಳ್ಳಷ್ಟೂ ಸಂಕೋಚವಿಲ್ಲದೆ ಬಂತು. "ಬುರುಲ್ ಅಂದ್ರೆ ಯಾರು?"

ಮುದುಕಿ ಅವಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ನಾನೇ ಕಣಮ್ಮಾ," ಎಂದಳು. "ತಗಡು ಮುಚ್ಚಿದೋಳು."