ಕೊಳದ ನೀರಿನ ಹನಿ

ಮಸೂರದಲ್ಲೇ ದೋಷ ಇದ್ದಿರಬಹುದಲ್ಲವೇ? ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅವನು ಎಂಟು ತಿಂಗಳ ಹಳೆಯ ಪ್ರಶ್ನೆಯನ್ನೇ ಮತ್ತೆ ಕೆದಕಿದ. ಉತ್ತರ ಗೊತ್ತಿತ್ತು. ಮೈಕ್ರೋಸ್ಕೋಪ್ ರಿಪೇರಿ ಮಾಡುವವನಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ?

ಅಂದು ಅಂಗಡಿಯ ಬಾಗಿಲು ಹಾಕಿಕೊಂಡು, ಯಾವುದೋ ಕಾಲೇಜಿನಿಂದ ರಿಪೇರಿಗೆ ಬಂದಿದ್ದ ಯಂತ್ರದ ಕೆಳಗೆ ತನ್ನದೇ ವೀರ್ಯದ ಹನಿಯೊಂದನ್ನು ಇಟ್ಟು ನೋಡಿದ್ದ. ಈಜಾಡಬೇಕಾದ ವೀರ್ಯಾಣು ಒಂದೂ ಇರಲಿಲ್ಲ. ಬರೀ ಬಯಲು. ಮಸೂರ ಒರೆಸಿದ, ಬದಲಿಸಿದ, ಇನ್ನೊಂದು ಯಂತ್ರ ತಂದ. ಕೊನೆಗೆ, ರಿಪೇರಿ ಮುಗಿದ ಪ್ರತಿ ಯಂತ್ರವನ್ನೂ ಪರೀಕ್ಷಿಸುವ ಹಾಗೆ, ಶೀಶೆಯಲ್ಲಿಟ್ಟಿದ್ದ ಕೊಳದ ನೀರಿನ ಹನಿ ಹಾಕಿದ. ಸಂತೆ ನೆರೆದಂತೆ ಜೀವಗಳು ಗಿಜಿಗುಟ್ಟಿದವು. ಯಂತ್ರ ಸರಿಯಾಗಿತ್ತು.

ಮಕ್ಕಳಾಗಲಿಲ್ಲವೆಂದು ಹೆಂಡತಿಯನ್ನು ಕರೆದೊಯ್ದಾಗ ಡಾಕ್ಟರು ಗಂಡನ ರಿಪೋರ್ಟು ಕೇಳಿದರೆ, "ನಂದು ಬೇರೆ ಕಡೆ ನೋಡಿಸಿದ್ದೀನಿ, ಎಲ್ಲಾ ಸರಿ ಇದೆ" ಎಂದುಬಿಟ್ಟ. ನಾಲಿಗೆ ತಡವರಿಸಲೂ ಇಲ್ಲ. ಅಲ್ಲಿಂದ ಹೆಂಡತಿಗೆ ಮಾತ್ರೆ, ಇಂಜೆಕ್ಷನ್ನು. ಇವತ್ತು ಹೊಟ್ಟೆಗೆ ತೂತು ಹಾಕಿ ಒಳಗೆ ನೋಡುವ ಪರೀಕ್ಷೆ.

"ಮೂರು ಹೆತ್ತವಳು ನಾನು. ಒಂದು ದಿನ ಆಸ್ಪತ್ರೆ ಮೆಟ್ಟಿಲು ಹತ್ತಿಲ್ಲ," ಪಕ್ಕದಲ್ಲಿದ್ದ ಅವನ ತಾಯಿ ಗೊಣಗಿದಳು.

"ಅಮ್ಮಾ, ಸುಮ್ನಿರು."

"ಸುಮ್ನಿದ್ದು ಇದ್ದು ಆರು ವರ್ಷ ಆಯ್ತು. ನಿನ್ನಲ್ಲೇನು ಕೊರತೆ, ಹೇಳು?"

ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿಕೊಂಡವನಂತೆ, ಅವನು ಕನ್ನಡಕ ತೆಗೆದು ಒರೆಸತೊಡಗಿದ.

ಹಸಿರು ನಿಲುವಂಗಿ ತೊಟ್ಟು ಬಂದ ಹೆಂಡತಿ ನಕ್ಕಳು. "ನೋಡಿ ಅತ್ತೆ, ಊರಿನ ಯಂತ್ರ ಎಲ್ಲಾ ಇವರೇ ರಿಪೇರಿ ಮಾಡ್ತಾರೆ. ನನ್ನೊಬ್ಬಳನ್ನ ಮಾತ್ರ ಬೇರೆಯವರ ಕೈಗೆ ಕೊಡ್ತಾರೆ!"

ಓಲೆ ಬಿಚ್ಚಿ ಅವನ ಅಂಗೈಲಿಟ್ಟಳು. ಇನ್ನೂ ಬೆಚ್ಚಗಿದ್ದವು. ಆಮೇಲೆ ಅತ್ತೆಗೆ ಕೇಳಿಸದಂತೆ, "ತಪ್ಪು ತಿಳೀಬೇಡಿ ಕಣ್ರೀ. ನನ್ನಿಂದ ನಿಮಗೆಷ್ಟು ಅಲೆದಾಟ" ಎಂದಳು.

ನರ್ಸ್ ಒಪ್ಪಿಗೆ ಪತ್ರ ಚಾಚಿದಳು. ಅವನು ಸಹಿ ಹಾಕಿದ.

ಒಂದು ಗಂಟೆಯ ಬಳಿಕ ಡಾಕ್ಟರು ಹೊರಬಂದರು. "ಅವರಲ್ಲಿ ಏನೂ ತೊಂದರೆ ಇಲ್ಲ. ನಿಮ್ಮ ಆ ರಿಪೋರ್ಟು ಒಮ್ಮೆ ತಂದು ತೋರಿಸಿ."

"ಹುಡುಕ್ತೀನಿ ಡಾಕ್ಟ್ರೇ," ಎಂದ.

ಒಳಗೆ ಅವಳು ಮಂಪರಿನಲ್ಲೇ ಕೈ ಚಾಚಿದಳು. ಅವನು ಓಲೆಗಳನ್ನು ಮರಳಿ ತೊಡಿಸಿದ. ತಿರುಪು ಬಿಗಿಮಾಡುವುದು ಅವನಿಗೆ ನೀರು ಕುಡಿದಷ್ಟು ಸುಲಭ. ಕೊರತೆ ತನ್ನಲ್ಲಿದೆ ಎಂದು ಮಾತ್ರ ಅವನು ಅವಳಿಗೆ ಹೇಳಲಿಲ್ಲ. ಅಂದೂ ಇಲ್ಲ, ಮುಂದೆಂದೂ ಇಲ್ಲ.