ಎರಡನೆಯ ಬ್ರೇಕು

ನನ್ನ ಎದೆಯಲ್ಲಿ ಏನೂ ತೊಂದರೆ ಇಲ್ಲ ಎಂದು ಡಾಕ್ಟರಮ್ಮ ಮೂರನೆಯ ಸಲ ಹೇಳಿದಾಗ ಅವರ ಮೇಲೆ ನನಗೆ ಸಿಟ್ಟೇ ಬಂತು. ಒಂದು ಹಗಲು, ಒಂದು ರಾತ್ರಿ ಎದೆಗೆ ವೈರು ಅಂಟಿಸಿಕೊಂಡು, ಸೊಂಟಕ್ಕೆ ಡಬ್ಬಿ ಕಟ್ಟಿಕೊಂಡು, ಸ್ನಾನ ಬಿಟ್ಟು ತಿರುಗಿದ್ದೆ. ಗುಡ್ಡ ಅಗೆದ ಮೇಲೆ ಒಂದು ಇಲಿಯಾದರೂ ಸಿಗಬೇಕಿತ್ತು. ಅದೂ ಇಲ್ಲ.

"ಎದೆ ಗಟ್ಟಿಯಾಗಿದೆ," ಎಂದರು ಅವರು, ಉದ್ದದ ಕಾಗದ ಮಡಚುತ್ತಾ. "ಬಡಿತ ಜೋರಾಗೋದು ನಿಜ, ನೀವು ಸುಳ್ಳು ಹೇಳ್ತಿಲ್ಲ. ಆದ್ರೆ ಅದು ಹೃದಯದ ಕಾಯಿಲೆ ಅಲ್ಲ. ಆತಂಕ."

"ನಂಗೆ ಆತಂಕಾನಾ? ಹತ್ತೊಂಬತ್ತು ವರ್ಷದಿಂದ ಗಾಡಿ ಓಡಿಸೋಕೆ ಬರದೇ ಇರೋರ ಪಕ್ಕದಲ್ಲಿ ಕೂತ್ಕೊಂಡು ಹೊಟ್ಟೆ ಹೊರೀತಿದೀನಿ ಡಾಕ್ಟ್ರೇ. ಆತಂಕ ಇದ್ದಿದ್ರೆ ಮೊದಲನೇ ವಾರಾನೇ ಮನೇಲಿ ಕೂರ್ತಿದ್ದೆ."

ಅವರು ವಾದಕ್ಕೆ ಇಳಿಯಲಿಲ್ಲ. ಇದು ಶುರುವಾಗಿದ್ದು ಯಾವಾಗ ಎಂದಷ್ಟೇ ಕೇಳಿದರು. ನಾನು ನೆನಪಿಲ್ಲ ಎಂದೆ. ಚೆನ್ನಾಗಿ ನೆನಪಿತ್ತು.

ಎಂಟು ತಿಂಗಳ ಹಿಂದೆ, ಕಲಿಯಲು ಬರುತ್ತಿದ್ದ ಒಬ್ಬ ಗುಮಾಸ್ತ ತಿರುವಿನಲ್ಲಿ ಸೈಕಲ್ಲಿನವನೊಬ್ಬನನ್ನು ನೋಡಲೇ ಇಲ್ಲ. ನಾನು ಬ್ರೇಕು ತುಳಿದೆ. ಕಾರಿಗೂ ಸೈಕಲ್ಲಿಗೂ ನಡುವೆ ಒಂದು ಗೇಣು ಉಳಿದಿತ್ತು. ಸೈಕಲ್ಲಿನವನು ಹಿಂದೆ ಕಟ್ಟಿದ್ದ ಗಂಟನ್ನು ಸರಿಮಾಡಿಕೊಂಡು, ನಮ್ಮನ್ನು ಒಂದು ಸಲ ಬೈದು ಹೊರಟುಹೋದ. ಗುಮಾಸ್ತನೂ ಸ್ವಲ್ಪ ಹೊತ್ತಿಗೆ ನಗುತ್ತಾ ಹೊರಟುಹೋದ. ಮಧ್ಯಾಹ್ನ ಮನೆಗೆ ಬಂದು ನೀರು ಕುಡಿಯುತ್ತಿದ್ದಾಗ ನನ್ನ ಎದೆ ಡವಡವ ಎನ್ನತೊಡಗಿತು. ಲೋಟ ಕೆಳಗಿಟ್ಟರೂ ನಿಲ್ಲಲಿಲ್ಲ. ನಮ್ಮ ಮನೆಯವರು ಗ್ಯಾಸ್ ಇರಬೇಕು ಎಂದರು. ಅವರ ಪ್ರಕಾರ ಲೋಕದ ಕಷ್ಟಗಳೆಲ್ಲ ಗ್ಯಾಸಿನಿಂದಲೇ ಹುಟ್ಟುತ್ತವೆ.

"ಬಂದಾಗ ನಾಡಿ ಹಿಡ್ಕೊಂಡು ಎಣಿಸ್ಬೇಡಿ," ಎಂದರು ಡಾಕ್ಟರಮ್ಮ. "ಎರಡೂ ಪಾದ ನೆಲಕ್ಕೆ ಊರಿ. ಉಸಿರು ತಗೊಂಡಿದ್ದಕ್ಕಿಂತ ನಿಧಾನವಾಗಿ ಬಿಡಿ. ಅದನ್ನ ಓಡಿಸೋಕೆ ಹೋಗ್ಬೇಡಿ, ತಾನಾಗೇ ಇಳಿಯುತ್ತೆ. ಕಾಫಿ ಕಡಿಮೆ ಮಾಡಿ. ಎದೆನೋವು ಬಂದ್ರೆ, ತಲೆ ಸುತ್ತಿ ಬಿದ್ರೆ ಮಾತ್ರ ಕಾಯ್ಬೇಡಿ, ಬಂದ್ಬಿಡಿ."

ಎರಡೂ ಪಾದ ನೆಲಕ್ಕೆ ಎಂದಾಗ ನನಗೆ ನಗು ಬಂತು. ನಾನು ಡ್ರೈವಿಂಗ್ ಶಾಲೆಯ ಮೇಡಂ. ನಮ್ಮ ಕಾರಿನಲ್ಲಿ ಕಲಿಯುವವರ ಕಾಲಡಿ ಒಂದು ಬ್ರೇಕು ಇದ್ದರೆ, ಪಕ್ಕದ ಸೀಟಿನಲ್ಲಿ ನನ್ನ ಕಾಲಡಿ ಇನ್ನೊಂದು. ಅವರು ಮರೆತರೆ ನಾನು ತುಳಿಯಬೇಕು. ಕೆಲಸದ ಹೊತ್ತಿನಲ್ಲಿ ನನ್ನ ಬಲಗಾಲು ಯಾವಾಗಲೂ ಆ ಎರಡನೆಯ ಬ್ರೇಕಿನ ಮೇಲೆ ಗಾಳಿಯಲ್ಲೇ ಇರುತ್ತದೆ. ಆ ಕಾಲಿಗೆ ನೆಲ ಸಿಗುವುದು ಊಟದ ಹೊತ್ತಿಗೆ.

ಡಾಕ್ಟರಮ್ಮ ಇದನ್ನೆಲ್ಲ ಬರೆದುಕೊಟ್ಟ ಚೀಟಿಯನ್ನು ಪರ್ಸಿಗೆ ಹಾಕಿಕೊಂಡು, ಅದರ ತದ್ವಿರುದ್ಧ ಮಾಡುತ್ತಾ ಬಂದೆ. ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಸೆರಗಿನ ಕೆಳಗೆ ಬೆರಳು ಮಣಿಕಟ್ಟಿಗೆ ಹೋಗುತ್ತಿತ್ತು. ಎಣಿಸುತ್ತಿದ್ದೆ. ತೊಂಬತ್ತು, ನೂರು, ನೂರಹತ್ತು. ಎಣಿಸಿದಷ್ಟೂ ಏರುತ್ತಿತ್ತು, ಏರಿದಷ್ಟೂ ಎಣಿಸುತ್ತಿದ್ದೆ.

ಆಗ ನನ್ನ ಹತ್ತಿರ ಕಲಿಯುತ್ತಿದ್ದವರಲ್ಲಿ ಒಬ್ಬಳು ನರ್ಸು. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಗಾಯ ತೊಳೆದು, ಮದ್ದು ಕೊಟ್ಟು, ಮಗ್ಗುಲು ಬದಲಿಸಿ ಬರುವ ಕೆಲಸ. ದೂರದ ಮನೆಗಳನ್ನೆಲ್ಲ ಅವಳ ಕೈಗೇ ಒಪ್ಪಿಸುತ್ತೇವೆ, ಗಾಡಿಯನ್ನೂ ಕೊಡುತ್ತೇವೆ, ಲೈಸೆನ್ಸ್ ಮಾತ್ರ ತಾ ಎಂದು ಅವಳ ಕಚೇರಿಯವರು ಹೇಳಿದ್ದರು. ತಿಂಗಳ ಕೊನೆಯವರೆಗೆ ಗಡುವು. ತಪ್ಪಿದರೆ ಆ ಜಾಗ ಬೇರೆಯವರಿಗೆ.

ಅವಳು ಎರಡು ಸಲ ಫೇಲಾಗಿದ್ದಳು. ಎರಡು ಸಲವೂ ಇನ್ಸ್‌ಪೆಕ್ಟರು ಒಂದೇ ಸಾಲು ಬರೆದಿದ್ದ: ಸಮಯಕ್ಕೆ ಸರಿಯಾಗಿ ಬ್ರೇಕು ಹಾಕುವುದಿಲ್ಲ.

"ಅವನಿಗೇನು ತಲೆ ಕೆಟ್ಟಿದೆಯಾ?" ಎಂದು ನಾನು ಅವಳ ಮುಂದೆಯೇ ಹಾರಾಡಿದ್ದೆ. "ನನ್ನ ಜೊತೆ ಬಂದಾಗ ಬೆಣ್ಣೆ ಥರ ನಿಲ್ಲಿಸ್ತೀಯಲ್ಲ."

ಅವಳು ತನ್ನ ಪಾದ ನೋಡಿಕೊಂಡು, "ನನ್ನ ಕಾಲೇ ಮಂದ ಅಂತ ಕಾಣುತ್ತೆ ಮೇಡಂ," ಎಂದಿದ್ದಳು.

ಮೂರನೆಯ ಪರೀಕ್ಷೆಗೆ ಒಂದು ವಾರ ಇದ್ದಾಗ ಕಾರನ್ನು ಸರ್ವಿಸಿಗೆ ಬಿಟ್ಟೆ. ನಮ್ಮ ಮೆಕ್ಯಾನಿಕ್ಕು ಎಲ್ಲರಿಗೂ ಮಾವ. ಇಂಜಿನ್ನಿಗಿಂತ ಅವನ ಬಾಯಿ ಹೆಚ್ಚು ಓಡುತ್ತದೆ. ಅವತ್ತು ಮಾತ್ರ ಅವನು ಸುಮ್ಮನೆ ಕಾರಿನೊಳಗೆ ಬಗ್ಗಿ ಏನನ್ನೋ ನೋಡುತ್ತಿದ್ದ.

"ಬಾ ಇಲ್ಲಿ," ಎಂದು ಕರೆದ. "ವರ್ಷದ ಕೆಳಗೆ ಎರಡು ಬ್ರೇಕ್ ಪೆಡಲಿಗೂ ಒಂದೇ ದಿನ ಹೊಸ ರಬ್ಬರು ಹಾಕಿದ್ದೆ. ಕಲಿಯೋರ ಕಡೆದು ನೋಡು, ನಿನ್ನೆ ಹಾಕ್ದಂಗಿದೆ. ನಿನ್ನ ಕಡೆದು ನೋಡು."

ನನ್ನ ಕಡೆಯ ರಬ್ಬರು ಸವೆದು ಅಂಚಿನಲ್ಲಿ ಕಬ್ಬಿಣ ಕಾಣುತ್ತಿತ್ತು.

"ಈ ಗಾಡಿ ಓಡಿಸ್ತಿರೋದು ಯಾರಮ್ಮ, ನೀನೋ ಅವರೋ?"

"ಕೆಟ್ಟ ರಬ್ಬರು ಹಾಕಿದೀಯ," ಎಂದು ನಾನು ಅವನ ಮೇಲೇ ಹಾರಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗಿತ್ತು. ಅವನು ನಗಲಿಲ್ಲ. ಅವನು ನಕ್ಕಿದ್ದರೆ ನಾನು ನಂಬುತ್ತಿರಲಿಲ್ಲ.

ಗ್ಯಾರೇಜಿನ ಹೊರಗೆ ಹಳೆಯ ಟೈರಿನ ಮೇಲೆ ಕುಳಿತು ಯೋಚಿಸಿದೆ. ಎದೆ ಜೋರಾದಾಗಲೆಲ್ಲ ನನ್ನ ಕಾಲು ತಾನಾಗಿ ಕೆಳಗೆ ಹೋಗಿದೆ. ಕಾರು ಮೆಲ್ಲಗಾಗಿದೆ. ಕಲಿಯುವವರು ತಾವೇ ನಿಲ್ಲಿಸಿದೆವು ಎಂದುಕೊಂಡಿದ್ದಾರೆ, ನಾನೂ ಹಾಗೆಯೇ ಅಂದುಕೊಂಡು ಭೇಷ್ ಎಂದಿದ್ದೇನೆ. ಎಂಟು ತಿಂಗಳಿನಿಂದ ಎಲ್ಲರ ಬ್ರೇಕನ್ನೂ ನಾನೇ ಹಾಕುತ್ತಿದ್ದೆ. ಫೇಲಾಗಿ ಬಂದವರ ಮುಖಗಳು ಒಂದೊಂದಾಗಿ ನೆನಪಿಗೆ ಬಂದವು. ಗಮನ ಇಲ್ಲ ಎಂದು ಒಬ್ಬೊಬ್ಬರಿಗೂ ಬೈದಿದ್ದೆ. ನನಗೆ ನನ್ನ ಮೇಲೆ ಅಸಹ್ಯವಾಯಿತು.

ಮರುದಿನ ನರ್ಸು ಬಂದಾಗ ಕಾರು ಹತ್ತಿಸದೆ ಮೊದಲು ಹೇಳಿಬಿಟ್ಟೆ. ಎದೆಬಡಿತ, ರಬ್ಬರು, ಎಲ್ಲ. ನಿನ್ನ ಕಾಲು ಮಂದ ಅಲ್ಲ, ಅದಕ್ಕೆ ಕೆಲಸ ಕಲಿಯಲು ನಾನು ಬಿಟ್ಟಿಲ್ಲ ಎಂದೆ. ತಪ್ಪಾಯಿತು ಎಂದೆ.

ಅವಳು ಪರವಾಗಿಲ್ಲ ಎನ್ನುತ್ತಾಳೆ ಎಂದುಕೊಂಡಿದ್ದೆ. ಅನ್ನಲಿಲ್ಲ.

"ಎರಡು ಸಲ ಫೇಲಾದೆ ಮೇಡಂ. ಇವಳ ಕೈಲಿ ಆಗಲ್ಲ ಬಿಡಿ ಅಂತ ಅತ್ತೆ ಮನೆಗೆ ಬಂದೋರಿಗೆಲ್ಲ ಹೇಳ್ತಾರೆ. ನಾನೂ ಹೌದು ಅಂತ ನಂಬಿದ್ದೆ." ಅವಳ ದನಿ ಏರಲಿಲ್ಲ, ಅದೇ ನನಗೆ ಕಷ್ಟವಾಯಿತು. ಕಾರಿನ ಬಾಗಿಲು ತೆಗೆಯುತ್ತಾ, "ನೀವು ನಾಡಿ ಹಿಡ್ಕೊಳ್ಳೋದು ನಾನು ನೋಡಿದೀನಿ. ದಿನಾ ಇಪ್ಪತ್ತು ಜನರ ನಾಡಿ ಹಿಡಿಯೋಳು ನಾನು, ಸೆರಗಿನ ಕೆಳಗೆ ಏನು ನಡೀತಿದೆ ಅಂತ ಗೊತ್ತಾಗಲ್ವಾ? ಕೇಳಿದ್ರೆ ಬೈತೀರ ಅಂತ ಸುಮ್ನಿದ್ದೆ," ಎಂದಳು.

"ಬೈತಿದ್ದೆ," ಎಂದು ಒಪ್ಪಿಕೊಂಡೆ.

"ಆರು ದಿನ ಇದೆ. ಹತ್ತಿ."

ನಾನು ಚಪ್ಪಲಿ ಬಿಚ್ಚಿ ಹಿಂದಿನ ಸೀಟಿನ ಕೆಳಗೆ ಎಸೆದೆ. ಎರಡೂ ಬರಿಗಾಲನ್ನು ಸೀಟಿನ ಬುಡಕ್ಕೆ ಎಳೆದುಕೊಂಡು ಮ್ಯಾಟಿನ ಮೇಲೆ ಊರಿದೆ. ನಿಜವಾಗಿಯೂ ಬೇಕಾದರೆ ಮಾತ್ರ ತುಳಿಯುತ್ತೇನೆ, ಬೇಕು ಎಂದು ಅನ್ನಿಸಿದ್ದಕ್ಕೆಲ್ಲ ತುಳಿಯುವುದಿಲ್ಲ ಎಂದು ಮಾತು ಕೊಟ್ಟೆ. ಮಾತು ಮೊದಲ ತಿರುವಿನ ತನಕ ಉಳಿಯಿತು.

"ಮೇಡಂ, ಕಾಲು," ಎಂದಳು ಅವಳು, ರಸ್ತೆಯಿಂದ ಕಣ್ಣು ಕೀಳದೆ.

ಹಿಂದಕ್ಕೆಳೆದೆ. ಎರಡನೆಯ ತಿರುವಿನಲ್ಲಿ ಮತ್ತೆ ಕಾಲು. ಅಂಚೆ ಕಚೇರಿಯ ಮುಂದೆ ಕಾಲು. ಒಂದು ನಾಯಿ ಫುಟ್‌ಪಾತಿನ ಮೇಲೆ ಮಲಗಿತ್ತು, ಏಳುವ ಯೋಚನೆಯೂ ಅದಕ್ಕಿರಲಿಲ್ಲ, ಅದಕ್ಕೂ ಕಾಲು. ಹತ್ತೊಂಬತ್ತು ವರ್ಷ ನಾನು ಇನ್ನೊಬ್ಬರಿಗೆ "ಕಾಲು, ಕಾಲು" ಎಂದು ಬೈಯುತ್ತಾ ಬಂದವಳು. ಈಗ ನಾನೇ ಹೊಸಬಳಾಗಿದ್ದೆ, ಅದೂ ದಡ್ಡ ಹೊಸಬಳು.

ನಾಲ್ಕನೆಯ ದಿನ ನೀರಿನ ಟ್ಯಾಂಕಿನ ಹಿಂದಿನ ಇಳಿಜಾರಿಗೆ ಹೋದೆವು. ಅರ್ಧ ಇಳಿದಿದ್ದೆವು. ಕೆಳಗೆ ಮರದ ಅಂಗಡಿಯಿಂದ ಲಾರಿಯೊಂದು ಹಿಮ್ಮುಖವಾಗಿ ರಸ್ತೆಗೆ ಬರತೊಡಗಿತು. ನನ್ನ ಎದೆ ಒಮ್ಮೆ ತಪ್ಪಿ, ಮರುಕ್ಷಣ ನಗಾರಿಯಂತೆ ಬಡಿಯತೊಡಗಿತು. ಕಿವಿಯಲ್ಲಿ ಅದೇ ಸದ್ದು. ಬೆರಳು ಮಣಿಕಟ್ಟಿಗೆ ಹೊರಟಿತ್ತು, ತೊಡೆಯ ಕೆಳಗೆ ಒತ್ತಿ ಕುಳಿತೆ. ಪಾದವನ್ನು ಮ್ಯಾಟಿಗೆ ಊರಿದೆ. ಮ್ಯಾಟಿನ ಗೆರೆಗಳು ಅಂಗಾಲಿಗೆ ತಾಗುತ್ತಿದ್ದವು. ಉಸಿರನ್ನು ಬಿಸಿ ಹಾಲು ಆರಿಸುವ ಹಾಗೆ ಮೆಲ್ಲಗೆ ಹೊರಗೆ ಬಿಟ್ಟೆ.

ಆಮೇಲೆ ಮಾಡಬೇಕಾದ್ದನ್ನು ಮಾಡಿದೆ. ದೂರ ಎಷ್ಟಿದೆ ಎಂದು ಎದೆಯನ್ನು ಕೇಳದೆ ಕಣ್ಣನ್ನು ಕೇಳಿದೆ. ಎಂಟು ತಿಂಗಳಿನಿಂದ ನಾನು ರಸ್ತೆಯನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಇನ್ನೂ ಐದು ಕಾರು ನಿಲ್ಲುವಷ್ಟು ಜಾಗ ಇತ್ತು. ನಾಲ್ಕಾಯಿತು. ಮೂರಕ್ಕೆ ಬಂದರೆ ತುಳಿಯುತ್ತೇನೆ, ಅಲ್ಲಿಯ ತನಕ ಇಲ್ಲ ಎಂದು ತೀರ್ಮಾನಿಸಿದೆ. ಎದೆ ಅದರ ಪಾಡಿಗೆ ಅದು ಬೊಬ್ಬೆ ಹೊಡೆಯುತ್ತಿತ್ತು.

ಅವಳ ಕಾಲು ಸರಿದದ್ದು ಕಾಣಿಸಿತು. ಕಾರು ಒಮ್ಮೆ ಮುಗ್ಗರಿಸಿ, ಕಿರುಚಿ ನಿಂತಿತು. ಇಂಜಿನ್ ಆಫಾಯಿತು. ನಾವಿಬ್ಬರೂ ಬೆಲ್ಟಿಗೆ ಜೋತುಬಿದ್ದೆವು. ಬೆಣ್ಣೆಯಂತೂ ಅಲ್ಲ, ಕಲ್ಲಿಗೆ ಕಲ್ಲು ತಾಗಿದ ಹಾಗೆ. ಆದರೆ ಲಾರಿ ಇನ್ನೂ ಆಚೆಯೇ ಇತ್ತು.

ಅವಳು ಸ್ಟೀರಿಂಗ್ ಹಿಡಿದುಕೊಂಡೇ ನನ್ನ ಪಾದಗಳತ್ತ ನೋಡಿದಳು. ಎರಡೂ ಸೀಟಿನ ಬುಡದಲ್ಲಿದ್ದವು.

"ಅದು ನಾನಾ?" ಎಂದಳು.

"ನೀನೇ."

ಅವಳ ಕಣ್ಣಲ್ಲಿ ನೀರು ಬಂತು. ಲಾರಿಯವನು ಕೈಬೀಸಿ ದಾರಿ ಬಿಟ್ಟ. ಹಿಂದಿನ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು. ನನ್ನ ಎದೆ ಇನ್ನೂ ಬಡಿದುಕೊಳ್ಳುತ್ತಲೇ ಇತ್ತು, ಶಾಲೆಯ ಬಾಗಿಲಿಗೆ ಬರುವ ತನಕ ಬಡಿದುಕೊಂಡಿತು. ಆಮೇಲೆ ಯಾವಾಗ ಇಳಿಯಿತೋ ಗೊತ್ತಿಲ್ಲ. ಇಳಿಜಾರಿನಿಂದೀಚೆಗೆ ನಾನು ಎಣಿಸಿರಲಿಲ್ಲ.

ಪರೀಕ್ಷೆಯ ದಿನ ನನ್ನ ಸೀಟಿನಲ್ಲಿ ಇನ್ಸ್‌ಪೆಕ್ಟರು ಕೂತ. ಅವನು ಕಾಲ ಮೇಲೆ ಕಾಲು ಹಾಕಿ ಕೂರುವ ಆಸಾಮಿ, ಎರಡನೆಯ ಬ್ರೇಕು ಮುಟ್ಟುವವನಲ್ಲ. ಮುಟ್ಟುವ ಸ್ಥಿತಿ ಬಂದರೆ ಕೆಳಗಿಳಿದು ಫೇಲ್ ಎಂದು ಬರೆಯುತ್ತಾನೆ. ನಾನು ಮೈದಾನದ ಅಂಚಿನ ಕಟ್ಟೆಯ ಮೇಲೆ ಕುಳಿತೆ. ಎದೆ ಬೆಳಗಿನಿಂದಲೇ ಶುರು ಹಚ್ಚಿಕೊಂಡಿತ್ತು. ಬಂದಿದ್ದೀಯಾ, ಇರು ಎಂದೆ. ಕರೆಯದೆ ಬಂದ ನೆಂಟರಿಗೆ ಹೇಳುವ ಹಾಗೆ.

ಕಾರು ಹೊರಗಿನ ರಸ್ತೆಯನ್ನು ಸುತ್ತಿ ಮರಳಿ ಬಂತು. ಕೊನೆಗೆ ಉಳಿದದ್ದು ಬಿಳಿ ಗೆರೆ, ಅದರ ಮುಂದೆ ನಿಲ್ಲಿಸಬೇಕು. ಎರಡು ಸಲವೂ ಅವಳು ಅದನ್ನೇ ದಾಟಿದ್ದಳು. ಕಾರು ನನ್ನ ಮುಂದೆ ಹಾದು ಗೆರೆಯತ್ತ ಹೋಯಿತು. ಈಗ ಅದರ ಹಿಂಭಾಗ ಮಾತ್ರ ಕಾಣುತ್ತಿತ್ತು. ವೇಗ ಹೆಚ್ಚಾಯಿತು ಎನ್ನಿಸಿತು. ಗೆರೆ ಹತ್ತಿರ ಬಂತು.

ಹಿಂದಿನ ಎರಡು ಕೆಂಪು ದೀಪಗಳು ಹೊತ್ತಿಕೊಂಡವು. ಕಾರು ಮೆಲ್ಲಗಾಗಿ, ಗೆರೆಗೆ ಒಂದು ಮೊಳ ಉಳಿಸಿ ನಿಂತಿತು.

ಬಾಗಿಲು ತೆರೆದು ಮೊದಲು ಇಳಿದವಳು ಅವಳೇ. ಮೈದಾನದ ಆ ತುದಿಯಿಂದ ಕೂಗಿದಳು. ಏನು ಕೂಗಿದಳೋ ಕೇಳಿಸಲಿಲ್ಲ, ಆದರೆ ಬೆರಳು ನನ್ನ ಪಾದದ ಕಡೆ ತೋರಿಸುತ್ತಿತ್ತು, ಮತ್ತು ಅವಳು ನಗುತ್ತಿದ್ದಳು.

ಬಗ್ಗಿ ನೋಡಿಕೊಂಡೆ. ಚಪ್ಪಲಿ ಯಾವಾಗ ಬಿಚ್ಚಿದ್ದೆನೋ. ನನ್ನ ಬಲಗಾಲು ಮಣ್ಣನ್ನು ಒತ್ತಿ, ಹೆಬ್ಬೆರಳು ಹೂತುಹೋಗುವಷ್ಟು ಗುಳಿ ಬಿದ್ದಿತ್ತು. ಅಷ್ಟು ಜೋರಾಗಿ ನಾನು ತುಳಿದಿದ್ದೆ, ಮತ್ತು ಅದರಿಂದ ಏನೂ ಆಗಿರಲಿಲ್ಲ. ಕಾರನ್ನು ಅವಳೇ ನಿಲ್ಲಿಸಿದ್ದಳು.